ಆಂಟಿ ಏಜಿಂಗ್ ಕ್ರೀಮು: ಡಬ್ಬಿಯ ಹಿಂಬದಿ ಓದಿ ಕೊಳ್ಳಿ

ನೈಟ್ ಕ್ರೀಮು, ಸೀರಮ್ಮು, ಕಣ್ಣಿನ ಸುತ್ತ ಹಚ್ಚುವ ಪುಟ್ಟ ಡಬ್ಬಿ. ವಯಸ್ಸು ಮರೆಸುತ್ತೇವೆಂದು ಮಾರುವ ಈ ಸಾಲಿನಲ್ಲಿ ಕೆಲವು ನೂರು ರೂಪಾಯಿಯದೂ ಇದೆ, ಹಲವು ಸಾವಿರದ್ದೂ ಇದೆ. ಒಂದೊಂದು ಬ್ರ್ಯಾಂಡನ್ನು ಬೇರೆ ಬೇರೆ ತೂಗುವ ಬದಲು ಇಲ್ಲಿ ಇಡೀ ಸಾಲನ್ನೇ ತೂಗಿದ್ದೇವೆ. ಹೆಸರು, ಸುವಾಸನೆ, ಗಾಜಿನ ದಪ್ಪ ಬದಲಾದಷ್ಟು ಒಳಗಿನ ಸರಕು ಬದಲಾಗುವುದಿಲ್ಲ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಇವುಗಳಲ್ಲಿ ಬಹುಪಾಲು ಒಳ್ಳೆಯ ಮಾಯಿಶ್ಚರೈಸರ್‌ಗಳು, ಅಷ್ಟೇ. ಸುಕ್ಕಿನ ಮೇಲೆ ಗಟ್ಟಿ ಪುರಾವೆ ಇರುವ ವಸ್ತುಗಳು ಮುಖ್ಯವಾಗಿ ಎರಡು, ಸನ್‌ಸ್ಕ್ರೀನು ಮತ್ತು ರೆಟಿನಾಯ್ಡು, ಅಂದರೆ ವಿಟಮಿನ್ ಎ ಗುಂಪಿನ ವಸ್ತು. ಎರಡಕ್ಕೂ ಸಾವಿರಗಟ್ಟಲೆ ಸುರಿಯಬೇಕಾಗಿಲ್ಲ.

ಹಚ್ಚಿದ ಮೊದಲ ವಾರದಲ್ಲೇ ಕನ್ನಡಿಯಲ್ಲಿ ವ್ಯತ್ಯಾಸ ಕಾಣುವುದು ಸುಳ್ಳಲ್ಲ. ಚರ್ಮದ ಹೊರಪದರ ಸತ್ತ ಕೋಶಗಳದು. ಒಣಗಿದಾಗ ಅದರ ಮೇಲೆ ಸಣ್ಣ ಸಣ್ಣ ಗೆರೆ ಎದ್ದು ಕಾಣುತ್ತವೆ. ಗ್ಲಿಸರಿನ್, ಹೈಲುರಾನಿಕ್ ಆಸಿಡ್ ನೀರು ಹಿಡಿದಿಡುತ್ತವೆ, ಪೆಟ್ರೋಲಿಯಂ ಜೆಲ್ಲಿಯಂಥವು ನೀರು ಆರದಂತೆ ಮುಚ್ಚುತ್ತವೆ. ಮಳೆಗಾಲದ ತೇವಕ್ಕೆ ಹಪ್ಪಳ ಮೆತ್ತಗಾದ ಹಾಗೆ ಆ ಪದರ ಮೆತ್ತಗಾಗಿ ಉಬ್ಬುತ್ತದೆ, ಸಣ್ಣ ಗೆರೆ ಮರೆಯಾಗುತ್ತವೆ. 'ತಕ್ಷಣ ಸುಕ್ಕು ತುಂಬುತ್ತದೆ' ಎನ್ನುವ ಕ್ರೀಮುಗಳಲ್ಲಿ ಇದರ ಜೊತೆಗೆ ಡೈಮೆಥಿಕೋನ್ ಎಂಬ ಸಿಲಿಕೋನೂ ಬೆಳಕನ್ನು ಚದುರಿಸುವ ಮೈಕಾ ಪುಡಿಯೂ ಇರುತ್ತವೆ. ಮುಖ ತೊಳೆದರೆ ಅದೂ ಹೋಗುತ್ತದೆ. ಹಣೆಯ ಆಳದ ಗೆರೆ, ಮೂಗಿನಿಂದ ಬಾಯಿಯ ತುದಿಗೆ ಇಳಿಯುವ ಮಡಿಕೆ, ಜೋತ ಗಲ್ಲ, ಇವು ಹೊರಪದರದ ಸಮಸ್ಯೆಗಳೇ ಅಲ್ಲ. ಒಳಚರ್ಮಕ್ಕೆ ಬಿಗಿ ಕೊಡುವ ಕಾಲಜನ್ ಎಂಬ ಪ್ರೋಟೀನು ಕುಗ್ಗಿದ್ದು, ಸ್ನಾಯುಗಳ ಚಲನೆ, ಕೊಬ್ಬು ಮತ್ತು ಮೂಳೆ ಕರಗಿದ್ದು ಇವಕ್ಕೆ ಕಾರಣ.

ಇನ್ನು ಕಾಲಜನ್ ಕ್ರೀಮು. ಕಾಲಜನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್ (ಅಣುಗಳ ತೂಕದ ಅಳತೆ). ಆರೋಗ್ಯವಂತ ಚರ್ಮದ ಮೂಲಕ ಒಳಗಿಳಿಯಬೇಕಾದರೆ ಅಣು ಸುಮಾರು 500 ಡಾಲ್ಟನ್‌ಗಿಂತ ಚಿಕ್ಕದಾಗಿರಬೇಕು ಎಂಬುದು ಚರ್ಮಶಾಸ್ತ್ರದಲ್ಲಿ ಬಳಕೆಯಲ್ಲಿರುವ ಲೆಕ್ಕ. ಹಾಗಾಗಿ ಡಬ್ಬಿಯ ಕಾಲಜನ್ ನಿಮ್ಮ ಕಾಲಜನ್ ಜೊತೆ ಸೇರುವುದಿಲ್ಲ, ಮೇಲೆಯೇ ಕೂತು ತೇವ ಹಿಡಿಯುತ್ತದೆ. ಆ ಕೆಲಸಕ್ಕೆ ಗ್ಲಿಸರಿನ್ ಸಾಕು.

ಜಾಹೀರಾತಿನ ಮಾತುಗಳು ಹೀಗೇಕೆ ಇರುತ್ತವೆ ಎಂಬುದಕ್ಕೆ ಕಾನೂನೇ ಕಾರಣ. ಸೌಂದರ್ಯವರ್ಧಕ ಚರ್ಮದ ರಚನೆಯನ್ನೇ ಬದಲಿಸುತ್ತದೆ ಎಂದರೆ ಅದು ಔಷಧವಾಗುತ್ತದೆ, ಔಷಧಕ್ಕೆ ಪುರಾವೆ ಕೊಟ್ಟು ಅನುಮತಿ ಪಡೆಯಬೇಕು. ಅದಕ್ಕೇ 'ಸುಕ್ಕು ಕಡಿಮೆಯಾದಂತೆ ಕಾಣುತ್ತದೆ' ಎಂಬ ಹುಷಾರಿನ ವಾಕ್ಯ. ಗೆರೆ ದಾಟಿದವರೂ ಇದ್ದಾರೆ. ಲ್ಯಾಂಕೋಮ್ ಕಂಪನಿ ತನ್ನ ಜೆನಿಫಿಕ್ ಸೀರಮ್ಮು ಜೀನ್‌ಗಳ ಚಟುವಟಿಕೆ ಹೆಚ್ಚಿಸುತ್ತದೆ ಎಂದು ಹೇಳಿಕೊಂಡಾಗ, ಇದು ಔಷಧದ ಮಾತು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಎಚ್ಚರಿಕೆ ಪತ್ರ ಬರೆಯಿತು. ಅದೇ ಸೀರಮ್ಮು ಮತ್ತು ಲ್ಯಾಂಕೋಮ್‌ನ ಮಾತೃ ಕಂಪನಿ ಲೋರಿಯಾಲ್‌ನ ಯೂತ್ ಕೋಡ್ ಬಗೆಗಿನ ಜೀನ್ ಮಾತುಗಳಿಗೆ ತಕ್ಕ ಆಧಾರವಿಲ್ಲವೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಆರೋಪಿಸಿತು. ಪುರಾವೆ ಇಲ್ಲದೆ ಅಂಥ ಮಾತು ಆಡುವುದಿಲ್ಲವೆಂದು ಲೋರಿಯಾಲ್ ಒಪ್ಪಂದ ಮಾಡಿಕೊಂಡಿತು. ಚಿತ್ರಗಳ ಕಥೆಯೂ ಹೀಗೆಯೇ. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2011ರಲ್ಲಿ ಜೂಲಿಯಾ ರಾಬರ್ಟ್ಸ್ ಮತ್ತು ಕ್ರಿಸ್ಟಿ ಟರ್ಲಿಂಗ್ಟನ್ ಇದ್ದ ಎರಡು ಮೇಕಪ್ ಜಾಹೀರಾತುಗಳನ್ನೂ, 2012ರಲ್ಲಿ ರೇಚಲ್ ವೈಸ್ ಇದ್ದ ಸುಕ್ಕಿನ ಕ್ರೀಮಿನ ಜಾಹೀರಾತನ್ನೂ ತಡೆಯಿತು. ಕಾರಣ, ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದರಿಂದ ಕ್ರೀಮಿನ ಪರಿಣಾಮದ ಬಗ್ಗೆ ತಪ್ಪು ಕಲ್ಪನೆ ಬರುತ್ತದೆ ಎಂಬುದು.

'ನೂರರಲ್ಲಿ ಎಂಬತ್ತು ಮಹಿಳೆಯರು ಒಪ್ಪಿದ್ದಾರೆ' ಎಂಬ ಸಾಲಿನ ಪಕ್ಕದ ನಕ್ಷತ್ರದ ಗುರುತನ್ನು (*) ಹಿಂಬಾಲಿಸಿ. ಸಾಮಾನ್ಯವಾಗಿ ಅದು ಬಳಸಿದವರ ಅಭಿಪ್ರಾಯ ಕೇಳಿದ ಸಮೀಕ್ಷೆ. ಯಾರೂ ಸುಕ್ಕು ಅಳೆದಿರುವುದಿಲ್ಲ, ಬರೀ ಮಾಯಿಶ್ಚರೈಸರ್ ಹಚ್ಚಿಕೊಂಡ ಇನ್ನೊಂದು ಗುಂಪೂ ಇರುವುದಿಲ್ಲ. 'ಡರ್ಮಟಾಲಜಿಕಲಿ ಟೆಸ್ಟೆಡ್' ಎಂದರೆ ಹೆಚ್ಚಾಗಿ ಉರಿ, ಕೆಂಪು ಬರುತ್ತದೆಯೇ ಎಂದು ನೋಡಿದ್ದಾರೆ ಎಂದಷ್ಟೇ ಅರ್ಥ.

ಹೋಲಿಕೆಯ ಗುಂಪು ಏಕೆ ಅಷ್ಟು ಮುಖ್ಯ ಎಂಬುದನ್ನು ಬ್ರಿಟನ್ನಿನ ಬೂಟ್ಸ್ ಕಂಪನಿಯ ನಂಬರ್ 7 ಸೀರಮ್ಮು ಚೆನ್ನಾಗಿ ತೋರಿಸುತ್ತದೆ. 2007ರಲ್ಲಿ ಬಿಬಿಸಿಯ ಒಂದು ವಿಜ್ಞಾನ ಕಾರ್ಯಕ್ರಮದಲ್ಲಿ ಇದರ ಬಗ್ಗೆ ಒಳ್ಳೆಯ ಮಾತು ಬಂದದ್ದೇ ತಡ, ಅಂಗಡಿಗಳಲ್ಲಿ ಸಾಲು ನಿಂತು ದಾಸ್ತಾನು ಖಾಲಿಯಾಯಿತು. 2009ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 60 ಮಂದಿಯ ಮೇಲೆ ಸರಿಯಾದ ಪ್ರಯೋಗ ಪ್ರಕಟಿಸಿದರು. ಹಣ ಬೂಟ್ಸ್‌ನದು. ಆರು ತಿಂಗಳ ನಂತರ ಸೀರಮ್ಮು ಹಚ್ಚಿದವರಲ್ಲಿ 43% ಜನರ ಸುಕ್ಕು ಸುಧಾರಿಸಿತ್ತು. ವಿಶೇಷ ವಸ್ತುಗಳಿಲ್ಲದ ಬರೀ ಬೇಸ್ ಹಚ್ಚಿದವರಲ್ಲಿ 22%. ಅಂದರೆ ಆರು ತಿಂಗಳು ಬಿಡದೆ ಹಚ್ಚಿದರೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಏನೂ ಆಗಲಿಲ್ಲ, ಸಾದಾ ಬೇಸೇ ಐವರಲ್ಲಿ ಒಬ್ಬರಿಗೆ ಕೆಲಸ ಮಾಡಿತು. ಇಷ್ಟು ಪ್ರಾಮಾಣಿಕವಾಗಿ ಪರೀಕ್ಷೆಗೆ ಒಡ್ಡಿಕೊಂಡ ಅಂಗಡಿ ಕ್ರೀಮುಗಳು ಕಡಿಮೆ, ಅದಕ್ಕೆ ಆ ಕಂಪನಿಯನ್ನು ಮೆಚ್ಚಲೇಬೇಕು. ಆದರೆ ಪುರಾವೆ ಇರುವ ಉತ್ಪನ್ನದ ಗತಿಯೇ ಇದಾದರೆ, ಪರೀಕ್ಷೆಯೇ ಆಗದ ಡಬ್ಬಿಗೆ ಅದರ ಹಲವು ಪಟ್ಟು ಬೆಲೆ ಕೊಡಲು ಯಾವ ಆಧಾರವಿದೆ? ಪೆಪ್ಟೈಡ್, ಅಂದರೆ ಪ್ರೋಟೀನಿನ ಪುಟ್ಟ ತುಣುಕುಗಳ, ಮಾತೂ ಹೀಗೆಯೇ: ಹೆಚ್ಚು ಪ್ರಚಾರದಲ್ಲಿರುವ ಪಾಲ್ಮಿಟಾಯಿಲ್ ಪೆಂಟಾಪೆಪ್ಟೈಡ್ ಮೇಲೆ 93 ಹೆಂಗಸರ, 12 ವಾರಗಳ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಮಾಡಿದವರು ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರೇ, ಸಿಕ್ಕ ಸುಧಾರಣೆ ಸಣ್ಣದು.

ಈಗ ಡಬ್ಬಿ ತಿರುಗಿಸಿ. ಘಟಕಗಳ ಪಟ್ಟಿಯಲ್ಲಿ 1%ಗಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, 1% ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಹೇಗೆ ಬೇಕಾದರೂ ಜೋಡಿಸಬಹುದು. ಆ ಗಡಿ ಎಲ್ಲಿದೆಯೆಂದು ಕಂಡುಹಿಡಿಯಲು ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಹುಡುಕಿ. ಅದರ ಗರಿಷ್ಠ ಮಿತಿಯೇ 1%. ಅದರ ನಂತರ ಬರುವುದೆಲ್ಲ 1%ಗಿಂತ ಹೆಚ್ಚಿರಲಾರದು. ಮುಂಬದಿಯಲ್ಲಿ ದೊಡ್ಡಕ್ಷರದಲ್ಲಿರುವ ಕೇಸರಿ, ಮುತ್ತು, ದ್ರಾಕ್ಷಿಬೀಜ ಹೆಚ್ಚಾಗಿ ಅಲ್ಲೇ, ಸುವಾಸನೆಯ ಆಸುಪಾಸಿನಲ್ಲಿ ಸಿಗುತ್ತವೆ. ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) 2ರಿಂದ 5% ಇದ್ದರೆ ಉಪಯೋಗವಿದೆ, ಆದ್ದರಿಂದ ಅದು ಈ ಗಡಿಗಿಂತ ಮೇಲಿರಬೇಕು. ರೆಟಿನಾಲ್ ಎಂಬ ರೆಟಿನಾಯ್ಡು ಮಾತ್ರ ಇದಕ್ಕೆ ಹೊರತು, 0.1ರಿಂದ 0.3% ಇದ್ದರೂ ಕೆಲಸ ಮಾಡುತ್ತದೆ; ಮುಖಕ್ಕೆ ಹಚ್ಚುವುದರಲ್ಲಿ ಅದು 0.3% ಮೀರಬಾರದೆಂದು ಯುರೋಪ್ ಒಕ್ಕೂಟ 2024ರಲ್ಲಿ ನಿಯಮ ಮಾಡಿದೆ. ಶೇಕಡಾ ಎಷ್ಟು ಎಂದು ಬರೆಯದ ರೆಟಿನಾಲ್ ಕೊಳ್ಳಬೇಡಿ. ಅಗಲ ಬಾಯಿಯ ಡಬ್ಬಿಯಲ್ಲಿರುವುದೂ ಬೇಡ: ಪ್ರತಿ ಸಲ ಮುಚ್ಚಳ ತೆಗೆದಾಗ ಗಾಳಿ ಬೆಳಕು ತಾಗಿ ಅದು ಕೆಡುತ್ತದೆ. ವಿಟಮಿನ್ ಸಿ ಸೀರಮ್ಮು ಇನ್ನೂ ಸೂಕ್ಷ್ಮ. 10ರಿಂದ 20% ಎಲ್-ಆಸ್ಕಾರ್ಬಿಕ್ ಆಸಿಡ್, ಪಿಎಚ್ (ಆಮ್ಲೀಯತೆಯ ಅಳತೆ) 3.5ಕ್ಕಿಂತ ಕೆಳಗೆ, ಕಪ್ಪು ಬಾಟಲಿ ಇರಬೇಕು; ಕಂದು ಬಣ್ಣಕ್ಕೆ ತಿರುಗಿದರೆ ಎಸೆಯಿರಿ.

ರೆಟಿನಾಯ್ಡುಗಳಲ್ಲಿ ಸುಕ್ಕಿಗೆ ದೀರ್ಘ ಪುರಾವೆ ಇರುವುದು ಟ್ರೆಟಿನಾಯಿನ್‌ಗೆ. ಅಂಗಡಿಯ ರೆಟಿನಾಲ್ ಚರ್ಮದಲ್ಲಿ ಎರಡು ಹಂತ ಬದಲಾಗಿ ಕೊನೆಗೆ ಆಗುವುದು ಇದೇ ವಸ್ತು. ರೆಟಿನೈಲ್ ಪಾಲ್ಮಿಟೇಟ್ ಇನ್ನೂ ಒಂದು ಹಂತ ಹಿಂದೆ, ಅದಕ್ಕೇ ಅಷ್ಟು ದುರ್ಬಲ. 1995ರಲ್ಲಿ ಅಮೆರಿಕದ ಎಫ್‌ಡಿಎ 0.05% ಟ್ರೆಟಿನಾಯಿನ್ ಇರುವ ರೆನೋವಾವನ್ನು ಸಣ್ಣ ಗೆರೆಗಳಿಗೆಂದು ಒಪ್ಪಿತು. ಇದು ಸುಕ್ಕನ್ನು ಅಳಿಸುವುದಿಲ್ಲ, ಬಿಸಿಲಿನ ಹಾನಿಯನ್ನು ದುರಸ್ತಿ ಮಾಡುವುದಿಲ್ಲ ಎಂದು ಆ ಔಷಧದ ವಿವರಪತ್ರದಲ್ಲೇ ಬರೆದಿದೆ. ಪರೀಕ್ಷೆಯಲ್ಲಿ ಗೆದ್ದ ಔಷಧ ಇಷ್ಟು ತಗ್ಗಿದ ಮಾತಾಡುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಸೌಂದರ್ಯ ಕೌಂಟರಿನ ಮಾತು ಕೇಳಿ.

ನಮ್ಮಲ್ಲಿ ಟ್ರೆಟಿನಾಯಿನ್ ಡಾಕ್ಟರ ಚೀಟಿ ಮೇಲೆ ಕೊಳ್ಳಬೇಕಾದ ಔಷಧ. ಸಾಮಾನ್ಯವಾಗಿ 0.025%ರಿಂದ ಆರಂಭ. ರಾತ್ರಿ ಮುಖ ತೊಳೆದು, ಒರೆಸಿ, ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಡಬೇಕು. ಒದ್ದೆ ಚರ್ಮದಲ್ಲಿ ಉರಿ ಹೆಚ್ಚು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಕಣ್ಣಿನ ತುದಿ, ಮೂಗಿನ ಪಕ್ಕದ ಸಂದು, ತುಟಿಯ ಅಂಚು ಬಿಡಿ. ಮೊದಲ ವಾರಗಳಲ್ಲಿ ವಾರಕ್ಕೆ ಎರಡು ರಾತ್ರಿ, ಚರ್ಮ ಒಗ್ಗಿದ ಮೇಲೆ ದಿನ ಬಿಟ್ಟು ದಿನ. ಮೇಲೆ ಮಾಯಿಶ್ಚರೈಸರ್ ಹಚ್ಚಬಹುದು. ಅದೇ ರಾತ್ರಿ ಹೊರಪದರ ಸುಲಿಯುವ ಗ್ಲೈಕಾಲಿಕ್ ಆಸಿಡ್ ಬೇಡ. ಹೆಚ್ಚಿನವರು ಸೋಲುವುದು ಎರಡು ಕಡೆ. ಬೇಗ ಫಲ ಬರಲೆಂದು ದಪ್ಪಗೆ ಬಳಿದು, ಮುಖ ಕೆಂಪಾಗಿ ಹೊಟ್ಟು ಎದ್ದಾಗ ಬಿಟ್ಟೇಬಿಡುತ್ತಾರೆ. ಇಲ್ಲವೇ ಒಂದು ತಿಂಗಳು ನೋಡಿ ಪ್ರಯೋಜನವಿಲ್ಲ ಎನ್ನುತ್ತಾರೆ. ಮೂರು ತಿಂಗಳಿಗೆ ಮುಂಚೆ ಏನೂ ಕಾಣದು, ಗೆರೆಗಳ ವಿಷಯದಲ್ಲಿ ಆರು ತಿಂಗಳು ಬೇಕು. ನಮ್ಮ ಮೈಬಣ್ಣದಲ್ಲಿ ಆ ಉರಿಯೂತ ಕಪ್ಪು ಕಲೆಯಾಗಿ ಉಳಿಯುವುದೂ ಉಂಟು, ಹಾಗಾಗಿ ನಿಧಾನವೇ ಸರಿ. ಗರ್ಭಿಣಿಯರು, ಗರ್ಭಧಾರಣೆಯ ಯೋಜನೆಯಲ್ಲಿರುವವರು ರೆಟಿನಾಲನ್ನೂ ಮುಟ್ಟಬಾರದು.

ಸನ್‌ಸ್ಕ್ರೀನಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇದೆ. ಆಸ್ಟ್ರೇಲಿಯಾದ ನಂಬೂರ್ ಊರಿನಲ್ಲಿ 55 ದಾಟದ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು, ಇಷ್ಟಬಂದಾಗ ಹಚ್ಚಿದವರಿಗಿಂತ 24% ಕಡಿಮೆ. ಡಬ್ಬಿಯ ಮೇಲಿನ ರಕ್ಷಣೆಯ ಅಳತೆಗಳಲ್ಲಿ ಎಸ್‌ಪಿಎಫ್ 30ಕ್ಕೆ ಮೇಲೆ, ಪಿಎ ಪಕ್ಕ ಕನಿಷ್ಠ ಮೂರು ಪ್ಲಸ್ ಇದ್ದರೆ ಸಾಕು. ತಪ್ಪುವುದು ಪ್ರಮಾಣದಲ್ಲಿ: ಮುಖ ಮತ್ತು ಕುತ್ತಿಗೆಗೆ ಎರಡು ಬೆರಳಿನ ಉದ್ದಕ್ಕೂ ಹಿಂಡಿದಷ್ಟು, ಸುಮಾರು 1.2 ಗ್ರಾಂ ಬೇಕು. ದಿನಕ್ಕೆ ಒಂದೇ ಸಲ ಹಚ್ಚಿದರೂ 50 ಗ್ರಾಂ ಟ್ಯೂಬು ನಲವತ್ತು ದಿನಕ್ಕೆ ಮುಗಿಯಬೇಕು. ನಾಲ್ಕು ತಿಂಗಳು ಬಂದರೆ ನೀವು ಮೂರನೇ ಒಂದು ಭಾಗ ಹಚ್ಚುತ್ತಿದ್ದೀರಿ, ಡಬ್ಬಿಯ ಮೇಲಿನ ಎಸ್‌ಪಿಎಫ್ ನಿಮಗೆ ಸಿಗುತ್ತಿಲ್ಲ. ಬಂಗು ಇರುವವರಿಗೆ ಒಂದು ಮಾತು: ಅದನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ, ಸಾದಾ ಸನ್‌ಸ್ಕ್ರೀನು ಅದನ್ನು ತಡೆಯದು. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನು ನೋಡಿ.

ಕಣ್ಣಿನ ಕ್ರೀಮಿಗೆ ದುಡ್ಡು ಬೇಡ. ಕಣ್ಣಿನ ಕೆಳಗಿನ ಕಪ್ಪು ನಮ್ಮಲ್ಲಿ ಹೆಚ್ಚಾಗಿ ಮನೆತನದ ವರ್ಣದ್ರವ್ಯ ಅಥವಾ ಗುಳಿಯ ನೆರಳು. 15 ಗ್ರಾಂ ಡಬ್ಬಿಯ ಮಾಯಿಶ್ಚರೈಸರ್ ಎರಡನ್ನೂ ಬದಲಿಸದು.

ಕೆಲಸ ಮಾಡದ ಕ್ರೀಮಿಗಿಂತ ವಾರದಲ್ಲೇ ಮುಖ ಫಳಫಳ ಮಾಡುವ ಕ್ರೀಮು ಅಪಾಯಕಾರಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಮೊಮೆಟಾಸೋನ್ ಎಂಬ ಸ್ಟೀರಾಯ್ಡ್, ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಸೇರಿದ ಟ್ಯೂಬುಗಳನ್ನು ಚೀಟಿ ಇಲ್ಲದೆ ನೈಟ್ ಕ್ರೀಮಿನಂತೆ ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತವೆ, ಮೊಡವೆ ಮತ್ತು ಕೂದಲು ಬರುತ್ತವೆ, ನಿಲ್ಲಿಸಿದ ಕೂಡಲೇ ಮುಖ ಉರಿದೇಳುತ್ತದೆ. ಈಗಾಗಲೇ ಹಚ್ಚುತ್ತಿದ್ದರೆ ನೀವಾಗಿಯೇ ನಿಲ್ಲಿಸದೆ ಚರ್ಮವೈದ್ಯರ ಬಳಿ ಹೋಗಿ. ತಯಾರಿಕೆ ಲೈಸೆನ್ಸ್ ಸಂಖ್ಯೆ, ಬ್ಯಾಚ್, ಮುಗಿಯುವ ದಿನಾಂಕ ಇಲ್ಲದ ಡಬ್ಬಿಯನ್ನೂ, ಆಮದಿನದಾದರೆ ನೋಂದಣಿ ಸಂಖ್ಯೆ ಇಲ್ಲದ್ದನ್ನೂ ಅಂಗಡಿಯಲ್ಲೇ ಬಿಟ್ಟುಬನ್ನಿ; ಅಂಥವುಗಳಲ್ಲಿ ಮೂತ್ರಪಿಂಡ ಕೆಡಿಸುವ ಪಾದರಸ ಸಿಕ್ಕಿರುವುದುಂಟು.

ಸುಳ್ಳು ಜಾಹೀರಾತು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡವಿದೆ, ಅದರಲ್ಲಿ ಮುಖ ತೋರಿಸಿದ ತಾರೆಯರಿಗೂ ಅದು ಅನ್ವಯಿಸುತ್ತದೆ. ದೂರಿಗೆ ಬಿಲ್ಲು, ಡಬ್ಬಿಯ ಎರಡೂ ಬದಿಯ ಫೋಟೊ, ಜಾಹೀರಾತು ಬಂದ ದಿನಾಂಕ ಇಟ್ಟುಕೊಂಡಿರಿ.