ಕಾಯಕಲ್ಪ, ಎನ್‌ಕ್ಯೂಎಎಸ್, ಎನ್‌ಎಬಿಎಚ್: ನಿಮ್ಮ ಆಸ್ಪತ್ರೆಗೆ ಯಾವುದು?

ಗುಣಮಟ್ಟ ಸುಧಾರಿಸಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮೊದಲು ನಿಮ್ಮ ಆಸ್ಪತ್ರೆಯ ಸ್ಥಿತಿ ನೋಡಿ.

ಶ್ರಮ ಕಡಿಮೆ ಇರಬೇಕು ಅಂದರೆ ಕಾಯಕಲ್ಪ, ಸ್ವಚ್ಛ ಆಸ್ಪತ್ರೆಗಳಿಗೆ ಪ್ರಶಸ್ತಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಸರ್ಕಾರಿ ಆಸ್ಪತ್ರೆಗಳಿಗಾಗಿ 2015ರಲ್ಲಿ ಶುರುವಾಯಿತು. ಸ್ವಚ್ಛತೆ, ಕಸ ವಿಲೇವಾರಿ, ಸೋಂಕು ತಡೆ ಇದರ ಜೀವಾಳ. ರಕ್ತ ಮೆತ್ತಿದ ಹತ್ತಿ ಸೋಂಕಿನ ಕಸದ ಹಳದಿ ಬುಟ್ಟಿಗೆ ಬೀಳ್ತಿದೆಯಾ ಅಂತ ನಾಳೆ ಬೆಳಿಗ್ಗೆಯೇ ನೋಡಬಹುದು, ಅಲ್ವಾ? ಸಿಬ್ಬಂದಿ ಕಡಿಮೆ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇದು ಒಳ್ಳೆಯ ಮೊದಲ ಹೆಜ್ಜೆ.

ಆದರೆ ನೆಲ ಹೊಳೆದ ಮಾತ್ರಕ್ಕೆ ಚಿಕಿತ್ಸೆ ಸರಿಯಿದೆ ಅಂತಲ್ಲ. ಆಳ ಬೇಕಿದ್ದರೆ ಎನ್‌ಕ್ಯೂಎಎಸ್. ಅಂದರೆ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು. ಅದೂ ಸರ್ಕಾರಿ ಆಸ್ಪತ್ರೆಗಳದ್ದೇ. ತಪಾಸಣಾ ಪಟ್ಟಿಯ ಪ್ರತಿ ಅಂಶಕ್ಕೂ 0, 1 ಅಥವಾ 2 ಅಂಕ. ಪರಿಶೀಲನೆಗೆ ಬಂದವರು ಕಣ್ಣಾರೆ ನೋಡ್ತಾರೆ, ದಾಖಲೆ ತೆಗೆಸ್ತಾರೆ, ಸಿಬ್ಬಂದಿಯನ್ನೂ ರೋಗಿಯನ್ನೂ ಮಾತಾಡಿಸ್ತಾರೆ. ಹೆರಿಗೆ ಕೋಣೆಯಲ್ಲಿ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತು ಹಾಕುವ ಚಾರ್ಟ್) ಹೆರಿಗೆಯಾಗುವಾಗಲೇ ತುಂಬಿದ್ದಾ, ಆಮೇಲೆ ಕೂತು ಬರೆದದ್ದಾ ಅನ್ನೋದು ಹೀಗೆ ಸಿಕ್ಕಿಬೀಳುತ್ತದೆ. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗೋದು ರೋಗಿಯನ್ನು ಕೇಳುವ ಭಾಗ. ತಾಯಂದಿರ ಮಾತು ಸುಮ್ನೆ ಕೇಳಿದರೇ ಎಷ್ಟೋ ತಪ್ಪು ಗೊತ್ತಾಗುತ್ತದೆ. ಕಾಗದದ ಕೆಲಸ ಮಾತ್ರ ತುಂಬಾ. ದಾಖಲೆ ನೋಡಿಕೊಳ್ಳಲು ಒಬ್ಬರಾದರೂ ಬಿಡುವಾಗಿರುವ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗೆ ಸುಲಭ.

ಎನ್‌ಎಬಿಎಚ್‌ಗೆ ಶುಲ್ಕ ಕಟ್ಟಬೇಕು; ಅದು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಖಾಸಗಿ ಆಸ್ಪತ್ರೆ ನಡೆಸುತ್ತಿದ್ದರೆ, ವಿಮೆ ರೋಗಿಗಳು ಜಾಸ್ತಿ ಬರುತ್ತಿದ್ದರೆ ಆ ಖರ್ಚಿಗೆ ಅರ್ಥವಿದೆ. ಚಿಕ್ಕ ಆಸ್ಪತ್ರೆಯಾದರೆ ಅದರ ಪ್ರವೇಶ ಹಂತದ ಪ್ರಮಾಣಪತ್ರದಿಂದ ಶುರು ಮಾಡಿ.