ಸಿಲಿಂಡರ್ ಪೋರ್ಟಿಂಗಿಗೆ ರೋಟರಿ ಟೂಲ್: ಮಷಿನ್ ಪರವಾಗಿಲ್ಲ, ಶಾಫ್ಟಿನದ್ದೇ ತಕರಾರು

ಇಂಜಿನ್ ಸಿಲಿಂಡರಿನ ಪೋರ್ಟುಗಳನ್ನು, ಅಂದರೆ ಗಾಳಿ-ಪೆಟ್ರೋಲು ಒಳಬರುವ, ಹೊಗೆ ಹೊರಹೋಗುವ ಕಿಂಡಿಗಳನ್ನು, ಕೊರೆದು ತಿದ್ದುವುದೇ ಪೋರ್ಟಿಂಗ್. ಅದಕ್ಕೆ ನಾನು ಬಳಸುವುದು ಸಣ್ಣ ಕಲ್ಲು, ಕೊರೆಯುವ ತುದಿ ತಿರುಗಿಸುವ ಈ ರೋಟರಿ ಟೂಲ್. ಮೊದಲು ತಕರಾರೇ ಹೇಳ್ತೀನಿ. ಇದರ ಜೊತೆ ಬರುವ ಫ್ಲೆಕ್ಸಿಬಲ್ ಶಾಫ್ಟ್ (ಒಳಗೆ ಕೇಬಲ್ ತಿರುಗುವ ಬಳುಕುವ ಕೊಳವೆ) ವಿಪರೀತ ಕಾಯುತ್ತದೆ. ಸ್ವಲ್ಪ ಹೊತ್ತು ಬಿಡದೆ ಓಡಿಸಿದರೆ ಹಿಡಿಕೆ ಮುಟ್ಟೋಕಾಗಲ್ಲ, ಒಳಗಿನ ಗ್ರೀಸು ಕರಗಿ ತುದಿಯಿಂದ ಒಸರುತ್ತದೆ. ಡಬ್ಬಿಯಲ್ಲಿ ಕೊಟ್ಟ ಕಲ್ಲುಗಳಂತೂ ಎರಕದ ಕಬ್ಬಿಣಕ್ಕೆ ತಾಗಿಸಿದ ಕೂಡಲೇ ಸವೆದುಹೋಗುತ್ತವೆ. ಒಳ್ಳೆ ಕಾರ್ಬೈಡ್ ಬರ್ (ಹಲ್ಲಿರುವ ಗಟ್ಟಿ ಕೊರೆಯುವ ತುದಿ) ಬೇರೆ ತಗೊಳ್ಳಲೇಬೇಕು, ಆ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

ನಮ್ಮದು ತೀರ್ಥಹಳ್ಳಿ ಕಡೆ. ಆರ್‌ಎಕ್ಸ್ 100 ಬೈಕಿನ ಸಿಲಿಂಡರಿಗೆ ಅಂತಲೇ ತಗೊಂಡಿದ್ದು, ಈಗ ತೋಟದ ವೀಡ್ ಕಟರಿಗೂ ಇದೇ. ಮಷಿನ್ನನ್ನು ಜಂತಿಗೆ ನೇತುಹಾಕಿ, ಶಾಫ್ಟ್ ಎಲ್ಲೂ ಬಿಗಿಯಾಗಿ ಬಾಗದಂತೆ ಇಳಿಬಿಟ್ಟ ಮೇಲೆ ಕಾಯುವುದು ಅರ್ಧಕ್ಕರ್ಧ ಕಮ್ಮಿಯಾಯ್ತು. ಆಮೇಲೆ ಇದರ ಮೇಲೆ ಪ್ರೀತಿ ಬಂತು.

ಯಾಕೆಂದರೆ ಪೋರ್ಟಿಂಗಿನಲ್ಲಿ ಕೊರೆಯುವುದಕ್ಕಿಂತ ನಾಜೂಕಿನ ಕೆಲಸ ಅಂಚಿನದ್ದು. ಪೋರ್ಟ್ ಎದುರು ಬಂದಾಗ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಲೋಹದ ಬಳೆ) ಚೂರು ಹೊರಕ್ಕೆ ಉಬ್ಬುತ್ತದೆ. ಅಂಚು ಚೂಪಾಗಿದ್ದರೆ ಅಲ್ಲೇ ಸಿಕ್ಕಿ ಮುರಿಯುತ್ತದೆ. ಈ ಶಾಫ್ಟಿನ ಹಿಡಿಕೆಯನ್ನು ಪೆನ್ನಿನಂತೆ ಹಿಡಿದು, ಸ್ಪೀಡ್ ಪೂರ್ತಿ ಇಳಿಸಿ, ಉರುಟು ತುದಿಯ ಸಣ್ಣ ಕಲ್ಲಿನಲ್ಲಿ ಅಂಚು ಸವರುತ್ತಾ ಬರಬಹುದು. ಉಗುರು ಮೇಲಿಂದ ಕೆಳಕ್ಕೆ ಎಳೆದರೆ ಎಲ್ಲೂ ತಡೆಯಬಾರದು. ಅಲ್ಲಿಗೆ ಬರುವವರೆಗೆ ನಾನು ಎದ್ದೇಳಲ್ಲ.

ಅಲ್ಯೂಮಿನಿಯಂ ಕೊರೆಯುವಾಗ ಚೂರು ಬರ್‌ನ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಆಗಾಗ ಮೇಣದಬತ್ತಿಗೆ ಒತ್ತಿ ತೆಗೆಯಿರಿ. ವೀಡ್ ಕಟರ್ ಬೋರಿಗೆ (ಪಿಸ್ಟನ್ ಓಡುವ ಒಳಗೋಡೆಗೆ) ಲೇಪನ ಇರುತ್ತದೆ, ಅದಕ್ಕೆ ಡೈಮಂಡ್ ತುದಿಯನ್ನೇ ಹಾಕಿ. ಬೋರಿನಿಂದ ಪೋರ್ಟಿನೊಳಕ್ಕೆ ಮಾತ್ರ ಉಜ್ಜಿ, ಅದಕ್ಕೆ ಉಲ್ಟಾ ಉಜ್ಜಿದರೆ ಲೇಪನ ಎದ್ದುಬರುತ್ತದೆ. ಮಾಸ್ಕ್, ಕನ್ನಡಕ ಬಿಡಬೇಡಿ.

ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಮಾತ್ರ ನಾನು ಎತ್ತರಿಸಲ್ಲ. ಎತ್ತರಿಸಿದರೆ ಮೇಲಿನ ಆರ್‌ಪಿಎಂನಲ್ಲಿ (ಇಂಜಿನ್ ಜೋರಾಗಿ ತಿರುಗುವಾಗ) ಹಾರುತ್ತದೆ ನಿಜ, ಆದರೆ ಕೆಳಗಿನ ಎಳೆತ ಹೋಗುತ್ತದೆ. ಹುಲಿಕಲ್ ಘಾಟಿಯನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹತ್ತುವವನಿಗೆ ಬೇಕಾದ್ದು ಆ ಎಳೆತವೇ. ಎರಕದ ಗಂಟು ತೆಗೆದು, ಗ್ಯಾಸ್ಕೆಟ್ಟಿಗೆ ಪೋರ್ಟ್ ಸರಿಹೊಂದಿಸಿದ್ದಕ್ಕೇ ಗಾಡಿ ಹಗುರಾಗಿ ಓಡುತ್ತಿದೆ.

ಕೆಲಸ ಮುಗಿದ ಮೇಲೆ ಸೀಮೆಎಣ್ಣೆ, ಆಮೇಲೆ ಸೋಪಿನ ಬಿಸಿನೀರು, ಒರೆಸಿದ ತಕ್ಷಣ ಟುಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿನ ಎಣ್ಣೆ). ನಮ್ಮ ಮಳೆಗಾಲದಲ್ಲಿ ಸ್ಲೀವನ್ನು (ಸಿಲಿಂಡರಿನೊಳಗಿನ ಕಬ್ಬಿಣದ ಕೊಳವೆಯನ್ನು) ಒಂದು ರಾತ್ರಿ ಹಾಗೇ ಬಿಟ್ಟರೂ ಬೆಳಿಗ್ಗೆ ಕೆಂಪಗೆ ತುಕ್ಕು.

ದಿನಾ ಇದೇ ಕಸುಬು ಮಾಡುವವರು ಅಕ್ಕಸಾಲಿಗರು ಇಟ್ಟುಕೊಳ್ಳುವ ನೇತುಹಾಕುವ ಮೋಟಾರನ್ನೇ ತಗೊಳ್ಳಿ, ಬೆಲೆ ಜಾಸ್ತಿಯಾದರೂ ಬಾಳಿಕೆ ಬರುತ್ತದೆ. ನನ್ನಂಥವರಿಗೆ ಇದು ಸಾಕು. ಒಳಗಿನ ಕೇಬಲ್ ತುಂಡಾದರೆ ಶಾಫ್ಟ್ ಒಂದನ್ನೇ ಬೇರೆ, ಒಳ್ಳೆಯದನ್ನು ಹಾಕಿಕೊಳ್ತೀನಿ.