ಕನ್ನಡ ಮಾಧ್ಯಮದಿಂದ ಪಿಯು ವಿಜ್ಞಾನಕ್ಕೆ ಹೊರಟವರಿಗೆ ಆಂಕಿ ಆ್ಯಪ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದ ಕನ್ನಡ ಮಾಧ್ಯಮದ ಹುಡುಗಿ ಪಿಯು ಮೊದಲ ವಾರ ಫಿಸಿಕ್ಸ್ ತರಗತಿಯಲ್ಲಿ ಕೂತಿರುತ್ತಾಳೆ. ಬೋರ್ಡಿನ ಮೇಲೆ 'ಆಕ್ಸಿಲರೇಶನ್' ಎಂದಿದೆ. ಅದು ಅವಳು ಒಂಬತ್ತನೇ ತರಗತಿಯಲ್ಲೇ ಲೆಕ್ಕ ಮಾಡಿ ಬಿಟ್ಟ ವೇಗೋತ್ಕರ್ಷ. ಆದರೆ ಇದು ಅದೇ ಎಂದು ಹೊಳೆಯುವಷ್ಟರಲ್ಲಿ ಪಾಠ ಮೂರು ಸಾಲು ಮುಂದೆ ಹೋಗಿರುತ್ತದೆ. ವಿಷಯ ಗೊತ್ತಿದೆ, ಪದ ಗೊತ್ತಿಲ್ಲ. ಈ ದಾರಿ ದಾಟಿ ಎಂಜಿನಿಯರಿಂಗ್, ಬಿಎಸ್ಸಿ, ನರ್ಸಿಂಗ್ ಸೇರಿದವರು ತಮ್ಮ ಹೈಸ್ಕೂಲಿನ ದಿನಗಳಿಗೆ ಒಂದೇ ಒಂದು ಬುದ್ಧಿಮಾತು ಕಳಿಸಬಹುದಾದರೆ ಅದು ಹೀಗಿರಬೇಕು: ಪರೀಕ್ಷೆ ಮುಗಿದ ಮೇಲಿನ ಎರಡು ತಿಂಗಳಲ್ಲಿ ಪದಗಳ ಕೆಲಸ ಮುಗಿಸಿಕೋ. ಆ ಕೆಲಸಕ್ಕೆ ಆಂಕಿಯಷ್ಟು ಹೊಂದುವ ಸಾಧನ ಇನ್ನೊಂದಿಲ್ಲ. ಆದರೆ ತಪ್ಪಾಗಿ ಹೊಂದಿಸಿಕೊಂಡರೆ ಮೂರೇ ವಾರದಲ್ಲಿ ಬೇಸರ ತರಿಸಿ ಫೋನಿನಿಂದ ಹೊರಬೀಳುವ ಆ್ಯಪ್ ಕೂಡ ಇದೇ. ಆದ್ದರಿಂದ ಹೊಂದಿಸುವ ಬಗೆಯನ್ನೇ ಇಲ್ಲಿ ಹೆಚ್ಚು ಬರೆದಿದೆ.

ಹೆಸರು ನಮ್ಮ 'ಅಂಕಿ'ಯಂತೆ ಕೇಳಿದರೂ ಇದು ಜಪಾನಿ ಪದ, ಅರ್ಥ ಬಾಯಿಪಾಠ. ಡೇಮಿಯನ್ ಎಲ್ಮ್ಸ್ ಎಂಬುವರು ಜಪಾನಿ ಕಲಿಯುವಾಗ ಮಾಡಿಕೊಂಡ ಈ ತಂತ್ರಾಂಶ 2006ರಲ್ಲಿ ಹೊರಬಂತು. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಂಡು ಕಾರ್ಡ್ ತಿರುಗಿಸಿ, ಎಷ್ಟು ನೆನಪಿತ್ತು ಎಂದು ಬಟನ್ ಒತ್ತಬೇಕು. ನೆನಪಿದ್ದದ್ದು ದೂರದ ದಿನಕ್ಕೆ ಹೋಗುತ್ತದೆ, ಮರೆತದ್ದು ಇವತ್ತೇ ಮತ್ತೆ ಬರುತ್ತದೆ. ಹೊಸ ಕಾರ್ಡ್‌ಗೆ 'ಗುಡ್' ಒತ್ತಿದರೆ 10 ನಿಮಿಷದಲ್ಲಿ ಇನ್ನೊಮ್ಮೆ ಬರುತ್ತದೆ, ಮತ್ತೆ 'ಗುಡ್' ಎಂದರೆ ನಾಳೆ. ಆಮೇಲೆ ಅಂತರ ಪ್ರತಿ ಸಲ ಸುಮಾರು ಎರಡೂವರೆ ಪಟ್ಟು ಹಿಗ್ಗುತ್ತದೆ: ಎರಡು ಮೂರು ದಿನ, ಒಂದು ವಾರ, ಹದಿನೆಂಟು ಇಪ್ಪತ್ತು ದಿನ.

ಇದರ ಬೆನ್ನಿಗಿರುವ ವಿಜ್ಞಾನ ಹಳೆಯದು. ಮರೆವು ಮೊದಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಆಗುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಮಾಡಿದ ಪ್ರಯೋಗವನ್ನು ಪರೀಕ್ಷೆ ಬರೆಯುವ ಪ್ರತಿ ಮಗುವಿಗೂ ಹೇಳಬೇಕು. ಒಂದೇ ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡವರು ಮುಂದಾಗಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದೆಲ್ಲ ತಲೆಯಲ್ಲಿದೆ ಎನಿಸುವುದೂ, ಪಿಯುಗೆ ಬರುವಷ್ಟರಲ್ಲಿ ಖಾಲಿಯಾಗುವುದೂ ಇದರಿಂದಲೇ.

ಈಗ ಬೆಲೆಯ ಮಾತು. ಆಂಡ್ರಾಯ್ಡ್ ಫೋನಿನಲ್ಲಿ ಹಾಕಿಕೊಳ್ಳಬೇಕಾದದ್ದು ಆಂಕಿಡ್ರಾಯ್ಡ್. ಪೂರ್ತಿ ಉಚಿತ, ಮುಕ್ತ ತಂತ್ರಾಂಶ, ಜಾಹೀರಾತು ಇಲ್ಲ. ಕಂಪ್ಯೂಟರಿನ ಆಂಕಿಯೂ ಉಚಿತ. ಐಫೋನಿನ ಆಂಕಿಮೊಬೈಲ್‌ಗೆ ಮಾತ್ರ 24.99 ಡಾಲರ್ ಬೆಲೆಯಿದೆ. ಒಮ್ಮೆ ಕೊಟ್ಟರೆ ಸಾಕು. ಐಫೋನ್ ಇದ್ದೂ ದುಡ್ಡು ಕೊಡಲಾಗದವರು ಆಂಕಿವೆಬ್ ತಾಣದಲ್ಲಿ ಖಾತೆ ತೆರೆದು ಬ್ರೌಸರ್‌ನಲ್ಲೇ ಕಾರ್ಡ್ ನೋಡಬಹುದು. ಆ್ಯಪ್ ಅಂಗಡಿಯಲ್ಲಿ ಹುಡುಕುವಾಗ ಎಚ್ಚರ: ಇದೇ ಹೆಸರಿನ ತುಂಡನ್ನು ಅಂಟಿಸಿಕೊಂಡ, ತಿಂಗಳ ಚಂದಾ ಕೇಳುವ ಬೇರೆ ಆ್ಯಪ್‌ಗಳೂ ಬರುತ್ತವೆ. ಅವುಗಳಿಗೂ ಇದಕ್ಕೂ ಸಂಬಂಧವಿಲ್ಲ.

ಕಾರ್ಡ್‌ಗಳನ್ನು ಎಲ್ಲಿಂದ ತರುವುದು? ಬೇರೆಯವರು ಮಾಡಿಟ್ಟ ಡೆಕ್, ಅಂದರೆ ಕಾರ್ಡ್‌ಗಳ ಕಟ್ಟು, ಇಳಿಸಿಕೊಳ್ಳುವ ಆಸೆ ಬೇಡ. ಆಂಕಿವೆಬ್‌ನಲ್ಲಿ ಜನಪ್ರಿಯವಾಗಿರುವ ದೊಡ್ಡ ಡೆಕ್‌ಗಳು ಬಹುಪಾಲು ಭಾಷೆ ಕಲಿಯುವವರಿಗೆ, ಇಲ್ಲವೇ ಅಮೆರಿಕದ ವೈದ್ಯಕೀಯ ಪರೀಕ್ಷೆಗಳಿಗೆ ಮಾಡಿದವು. ನಮಗೆ ಬೇಕಾದ ಸಾಮಗ್ರಿ ನಮ್ಮ ಪಠ್ಯಪುಸ್ತಕ ಸಂಘದ ತಾಣದಲ್ಲೇ ಉಚಿತವಾಗಿದೆ. ಹತ್ತನೇ ತರಗತಿ ವಿಜ್ಞಾನದ ಕನ್ನಡ ಮಾಧ್ಯಮದ ಪುಸ್ತಕವನ್ನೂ ಇಂಗ್ಲಿಷ್ ಮಾಧ್ಯಮದ ಪುಸ್ತಕವನ್ನೂ ಇಳಿಸಿಕೊಂಡು ಅಕ್ಕಪಕ್ಕ ಇಡಿ. ಎರಡೂ ಎನ್‌ಸಿಇಆರ್‌ಟಿ ಪಠ್ಯವನ್ನೇ ಆಧರಿಸಿದ ಕಾರಣ ಪಾಠದ ಕ್ರಮವೂ ಚಿತ್ರಗಳೂ ಒಂದೇ. ಓದುತ್ತಾ ಪದ ಹುಡುಕುವುದಕ್ಕಿಂತ ಚಿತ್ರದಿಂದ ಶುರು ಮಾಡುವುದು ಸುಲಭ. 'ಜೀವಕ್ರಿಯೆಗಳು' ಪಾಠದ ಚಿತ್ರಗಳ ಹೆಸರುಪಟ್ಟಿಗಳನ್ನೇ ಎದುರುಬದುರು ಓದಿದರೆ ಅರ್ಧ ಗಂಟೆಯಲ್ಲಿ ನಲವತ್ತು ಪದ ಸಿಗುತ್ತವೆ. ಆಮೇಲೆ ಪಾಠದೊಳಗೆ ದಪ್ಪಕ್ಷರದಲ್ಲಿರುವ ಪದಗಳು. ಅದಾದ ಮೇಲೆ ಒಂಬತ್ತನೇ ತರಗತಿಯ ಚಲನೆ, ಬಲ, ಪರಮಾಣುವಿನ ಪಾಠಗಳು. ಪಿಯು ಫಿಸಿಕ್ಸ್, ಕೆಮಿಸ್ಟ್ರಿ ಶುರುವಾಗುವುದು ಅಲ್ಲಿಂದಲೇ.

ಕಾರ್ಡ್ ಸೇರಿಸುವಾಗ ಮೇಲ್ಭಾಗದಲ್ಲಿ ಬಗೆ ಆರಿಸುವ ಜಾಗವಿದೆ. ಬಹುತೇಕ ಪದಗಳಿಗೆ 'ಬೇಸಿಕ್ ಆ್ಯಂಡ್ ರಿವರ್ಸ್ಡ್' ಆರಿಸಿ. ಒಮ್ಮೆ ಬರೆದರೆ ಎರಡು ಕಾರ್ಡ್ ಹುಟ್ಟುತ್ತವೆ: 'ವಕ್ರೀಭವನ' ಕಂಡರೆ 'ರಿಫ್ರಾಕ್ಷನ್' ಹೇಳಬೇಕು, 'ರಿಫ್ರಾಕ್ಷನ್' ಕಂಡರೆ ವಕ್ರೀಭವನ ಹೊಳೆಯಬೇಕು. ತರಗತಿಯಲ್ಲಿ ಕೆಲಸಕ್ಕೆ ಬರುವುದು ಎರಡನೆಯದು, ಉತ್ತರ ಬರೆಯುವಾಗ ಮೊದಲನೆಯದು. ಡೆಕ್ ಆಯ್ಕೆಗಳಲ್ಲಿ ಜೋಡಿಯ ಇನ್ನೊಂದು ಕಾರ್ಡನ್ನು ಮರುದಿನಕ್ಕೆ ಸರಿಸುವ 'ಬರಿ ನ್ಯೂ ಸಿಬ್ಲಿಂಗ್ಸ್' ಆನ್ ಮಾಡಿ. ಇಲ್ಲವಾದರೆ ಒಂದರ ಉತ್ತರ ನೋಡಿದ ಮರುಕ್ಷಣವೇ ಇನ್ನೊಂದು ಎದುರಿಗೆ ಬರುತ್ತದೆ. ಆಗ ನೆನಪಿನ ಪರೀಕ್ಷೆಯೇ ಆಗುವುದಿಲ್ಲ.

ಸ್ಪೆಲಿಂಗ್ ಕಷ್ಟವಿರುವ ಪದಗಳಿಗೆ ಇನ್ನೊಂದು ಬಗೆ ಬೇಕು: 'ಟೈಪ್ ಇನ್ ದಿ ಆನ್ಸರ್'. ಆಂಕಿಯಲ್ಲಿ ಕನ್ನಡ ಮಾಧ್ಯಮದವರಿಗೆ ಸಿಗುವ ದೊಡ್ಡ ಲಾಭ ಇದೇ. ಮುಂದೆ 'ಪತ್ರಹರಿತ್ತು' ಎಂದು ಬರುತ್ತದೆ, ಕೆಳಗೆ ಖಾಲಿ ಜಾಗ. ಅಲ್ಲಿ 'ಕ್ಲೋರೋಫಿಲ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಪಿ-ಎಚ್ ಬರಬೇಕಾದಲ್ಲಿ ಎಫ್ ಹಾಕಿದರೆ ಆ ಅಕ್ಷರ ಕೆಂಪಾಗುತ್ತದೆ, ಕೊನೆಯ ಎರಡು ಎಲ್‌ನಲ್ಲಿ ಒಂದು ಬಿಟ್ಟರೆ ಆ ಜಾಗ ಬೂದು, ಸರಿಯಿದ್ದದ್ದು ಹಸಿರು. ಯಾವ ಅಕ್ಷರದಲ್ಲಿ ಎಡವಿದಿರಿ ಎಂದು ಅಷ್ಟು ನಿಖರವಾಗಿ ಪುಸ್ತಕ ತೋರಿಸದು. ಫೋನಿನ ಕೀಬೋರ್ಡ್ ತಾನೇ ಪದ ತಿದ್ದುವ ಸೌಲಭ್ಯವನ್ನು ಮಾತ್ರ ಆಫ್ ಮಾಡಿಕೊಳ್ಳಿ. ಅದಿದ್ದರೆ ಸ್ಪೆಲಿಂಗ್ ಕಲಿಯುವುದು ಫೋನು, ನೀವಲ್ಲ. ಈ ಬಗೆಯ ಕಾರ್ಡ್‌ನಲ್ಲಿ ಕನ್ನಡ ಉತ್ತರ ಟೈಪ್ ಮಾಡಿಸಬೇಡಿ. ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದು ನಡುವೆ ಸೇರಿದ್ದರೂ ಸರಿಯಾದ ಪದವನ್ನೇ ತಪ್ಪೆಂದು ತೋರಿಸುತ್ತದೆ. ಉಚ್ಚಾರಣೆಯ ಅಳುಕಿದ್ದರೆ ಕಾರ್ಡ್ ಮಾಡುವಾಗಲೇ ಮೈಕ್ ಒತ್ತಿ ಇಂಗ್ಲಿಷ್ ಮೇಷ್ಟ್ರ ಅಥವಾ ಅಕ್ಕನ ದನಿಯಲ್ಲಿ ಪದ ಮುದ್ರಿಸಿಕೊಳ್ಳಬಹುದು.

ಕಂಪ್ಯೂಟರ್ ಸಿಗುವವರು ಗೂಗಲ್ ಶೀಟ್‌ನಲ್ಲಿ ಎರಡು ಕಾಲಂ ಮಾಡಿ ನೂರಾರು ಪದಗಳನ್ನು ಒಟ್ಟಿಗೆ ಸೇರಿಸಬಹುದು. ಇಲ್ಲಿ ಎರಡು ಕಡೆ ಕೆಡುತ್ತದೆ. ಎಕ್ಸೆಲ್‌ನಿಂದ ಉಳಿಸುವಾಗ ಯುಟಿಎಫ್-8 ಎಂಬ ಕಡತದ ಬಗೆಯನ್ನು ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಹಳೆಯ ನುಡಿ ಫಾಂಟ್‌ನ ಪಿಡಿಎಫ್‌ನಿಂದ ನಕಲು ಮಾಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಏಕೆಂದರೆ ಅದು ಯೂನಿಕೋಡ್ ಅಲ್ಲ. ಅಂಥ ಪದವನ್ನು ಕೈಯಾರೆ ಟೈಪ್ ಮಾಡುವುದೇ ದಾರಿ. ಹಾಗೆ ಟೈಪ್ ಮಾಡುವುದೂ ಕಲಿಕೆಯೇ.

ಇನ್ನು ಜನ ಎಡವುವ ಜಾಗಗಳು. ಮೊದಲನೆಯದು ಸಂಖ್ಯೆ. ಆಂಕಿ ದಿನಕ್ಕೆ 20 ಹೊಸ ಕಾರ್ಡ್ ಎಂದು ತಾನೇ ಇಟ್ಟಿರುತ್ತದೆ. ಕಡಿಮೆ ಎನಿಸಿ 50 ಮಾಡಿಕೊಳ್ಳುತ್ತಾರೆ. ಆದರೆ ದಿನಕ್ಕೆ ಎಷ್ಟು ಹೊಸ ಕಾರ್ಡ್ ಸೇರಿಸುತ್ತೀರೋ, ಕೆಲವು ವಾರಗಳ ನಂತರ ಅದರ ಏಳರಿಂದ ಹತ್ತು ಪಟ್ಟು ಹಳೆಯ ಕಾರ್ಡ್‌ಗಳು ದಿನವೂ ಬಾಗಿಲು ತಟ್ಟುತ್ತವೆ. 50 ಎಂದರೆ 350ರಿಂದ 500; ಕಾರ್ಡ್‌ಗೆ 8 ಸೆಕೆಂಡ್ ಹಿಡಿದರೂ ಗಂಟೆಯ ಹತ್ತಿರ. ಅಲ್ಲಿಗೆ ಕಥೆ ಮುಗಿಯುತ್ತದೆ. 10 ಹೊಸ ಕಾರ್ಡ್ ಸಾಕು. ಹಳೆಯವು 70ರಿಂದ 100 ಬರುತ್ತವೆ, ಹನ್ನೆರಡು ನಿಮಿಷದ ಕೆಲಸ. ಅರವತ್ತು ದಿನಕ್ಕೆ 600 ಕಾರ್ಡ್, ಅಂದರೆ ಎರಡೂ ದಿಕ್ಕಿನಿಂದ ಗೊತ್ತಿರುವ 300 ಪದ. ಪಿಯು ಮೊದಲ ಕೆಲವು ಪಾಠಗಳ ಬೋರ್ಡ್ ಓದಿ ಅರ್ಥ ಮಾಡಿಕೊಳ್ಳಲು ಅದು ದೊಡ್ಡ ಬಂಡವಾಳ.

ಎರಡನೆಯದು ಬಟನ್. ಅಗೇನ್, ಹಾರ್ಡ್, ಗುಡ್, ಈಜಿ ಎಂಬ ನಾಲ್ಕರಲ್ಲಿ 'ಹಾರ್ಡ್' ಎಂದರೆ ಕಷ್ಟಪಟ್ಟರೂ ನೆನಪಾಯಿತು ಎಂದರ್ಥ. ಮರೆತಾಗ 'ಅಗೇನ್' ಒತ್ತಲು ಮನಸ್ಸಾಗದೆ 'ಹಾರ್ಡ್' ಒತ್ತುವವರು ಬಹಳ. ಆಗ ಆ್ಯಪ್ ನಿಮಗೆ ಗೊತ್ತಿದೆ ಎಂದೇ ಲೆಕ್ಕ ಹಾಕಿ ಕಾರ್ಡನ್ನು ಮುಂದಕ್ಕೆ ತಳ್ಳುತ್ತದೆ, ಮುಂದಿನ ಎಲ್ಲ ಅಂತರವೂ ಕೆಡುತ್ತದೆ. ಹೊಸಬರು ಅಗೇನ್ ಮತ್ತು ಗುಡ್ ಎರಡನ್ನೇ ಬಳಸಿದರೂ ಏನೂ ನಷ್ಟವಿಲ್ಲ.

ಮೂರನೆಯದು, ಒಂದೇ ಕಾರ್ಡ್ ಮತ್ತೆ ಮತ್ತೆ ತಪ್ಪುವುದು. ಎಂಟು ಸಲ ಮರೆತ ಕಾರ್ಡ್‌ಗೆ ಆಂಕಿ 'ಲೀಚ್' ಎಂದು ಗುರುತು ಹಾಕುತ್ತದೆ. ಜಿಗಣೆ ಎಂಬ ಹೆಸರು ಸರಿಯಾಗಿಯೇ ಇದೆ, ಸಮಯ ಹೀರುವುದೇ ಅದರ ಕೆಲಸ. ತಪ್ಪು ಸಾಮಾನ್ಯವಾಗಿ ನೆನಪಿನದಲ್ಲ, ಕಾರ್ಡಿನದು. 'ವೇಗ' ಎಂಬ ಕಾರ್ಡನ್ನೇ ನೋಡಿ. ಮನೆಯಲ್ಲಿ ಬಸ್ಸಿನ ಸ್ಪೀಡಿಗೂ ವೇಗ ಎನ್ನುತ್ತೇವೆ. ಪಠ್ಯದಲ್ಲಿ ಸ್ಪೀಡ್ ಎಂದರೆ ಜವ, ವೆಲಾಸಿಟಿ ಎಂದರೆ ವೇಗ. ಬರೀ 'ವೇಗ' ಎಂದು ಬರೆದ ಕಾರ್ಡ್ ಪ್ರತಿ ಸಲವೂ ಜಾರುತ್ತದೆ. ಮುಂಭಾಗವನ್ನು 'ವೇಗ, ದಿಕ್ಕು ಸೇರಿ' ಎಂದೂ ಇನ್ನೊಂದನ್ನು 'ಜವ, ದಿಕ್ಕಿಲ್ಲದೆ' ಎಂದೂ ತಿದ್ದಿದರೆ ಗೊಂದಲ ಹೋಗುತ್ತದೆ, ಜೊತೆಗೆ ಭೌತಶಾಸ್ತ್ರದ ಒಂದು ಮುಖ್ಯ ಭೇದವೂ ಗಟ್ಟಿಯಾಗುತ್ತದೆ. 'ರಾಶಿ'ಯದ್ದೂ ಇದೇ ಪಾಡು. ಒಕ್ಕಣೆಯ ಕಣದಲ್ಲಿನ ಕಾಳಿನ ರಾಶಿ ಕಣ್ಣಮುಂದೆ ಬರುವವರಿಗೆ 'ಮಾಸ್' ಹೊಳೆಯುವುದಿಲ್ಲ. 'ರಾಶಿ, ಏಕಮಾನ ಕಿಲೋಗ್ರಾಂ' ಎಂದು ಬರೆಯಿರಿ. ವೇಗೋತ್ಕರ್ಷ ಮತ್ತು ಉತ್ಕರ್ಷಣವನ್ನು ಒಂದೇ ದಿನ ಸೇರಿಸದಿರುವುದೂ ಒಳ್ಳೆಯದು. ಮೊದಲನೆಯದು ಫಿಸಿಕ್ಸ್‌ನ ಆಕ್ಸಿಲರೇಶನ್, ಎರಡನೆಯದು ಕೆಮಿಸ್ಟ್ರಿಯ ಆಕ್ಸಿಡೇಶನ್. ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಒಂದರ ದನಿ ಇನ್ನೊಂದರಲ್ಲಿ ಕೇಳುತ್ತದೆ.

ಕಾರ್ಡ್ ಉದ್ದವಾದರೂ ಹೀಗೇ ಆಗುತ್ತದೆ. 'ನ್ಯೂಟನ್‌ನ ಮೂರು ನಿಯಮ ಬರೆಯಿರಿ' ಎಂಬ ಕಾರ್ಡ್‌ನಲ್ಲಿ ಎರಡು ಗೊತ್ತಿದ್ದು ಒಂದು ಮರೆತರೆ ಯಾವ ಬಟನ್ ಒತ್ತುತ್ತೀರಿ? ಅದನ್ನು ಮೂರು ಕಾರ್ಡ್ ಮಾಡಿ.

ಜಾತ್ರೆ, ಮದುವೆ ಎಂದು ಐದು ದಿನ ತಪ್ಪಿದರೆ ನಾನೂರು ಕಾರ್ಡ್ ಗುಡ್ಡೆಯಾಗಿರುತ್ತವೆ. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು ತಪ್ಪು. ಹೊಸ ಕಾರ್ಡ್ ಸಂಖ್ಯೆಯನ್ನು ಸೊನ್ನೆಗೆ ಇಳಿಸಿ ದಿನಕ್ಕೆ 120 ಮಾತ್ರ ನೋಡಿ, ಹತ್ತು ದಿನದಲ್ಲಿ ಗುಡ್ಡೆ ಕರಗುತ್ತದೆ. ಆಂಕಿಯ ದಿನ ಬದಲಾಗುವುದು ಬೆಳಗಿನ ಜಾವ 4ಕ್ಕೆ. ಹಾಗಾಗಿ ರಾತ್ರಿ ಹನ್ನೆರಡು ದಾಟಿದ ಮೇಲೆ ನೋಡಿದರೂ ಅದು ಅದೇ ದಿನದ ಲೆಕ್ಕ.

ಫೋನ್ ಬದಲಿಸುವಾಗ ಆಗುವ ನಷ್ಟ ದೊಡ್ಡದು. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಕಾರ್ಡ್‌ಗಳೂ ಹೋಗಬಹುದು. ಮೊದಲ ದಿನವೇ ಆಂಕಿವೆಬ್‌ನಲ್ಲಿ ಉಚಿತ ಖಾತೆ ತೆರೆದು ವಾರಕ್ಕೊಮ್ಮೆಯಾದರೂ ಸಿಂಕ್ ಮಾಡಿ. ಹೊಸ ಫೋನಿನಲ್ಲಿ ಒಂದೂ ಕಾರ್ಡ್ ಸೇರಿಸುವ ಮುನ್ನ ಲಾಗಿನ್ ಆಗಿ. ಅಪ್‌ಲೋಡ್ ಮಾಡಲೇ, ಡೌನ್‌ಲೋಡ್ ಮಾಡಲೇ ಎಂದು ಕೇಳಿದರೆ 'ಡೌನ್‌ಲೋಡ್' ಒತ್ತಬೇಕು. ಆ ಕ್ಷಣ ಅಪ್‌ಲೋಡ್ ಒತ್ತಿದರೆ ಖಾಲಿ ಫೋನು ಹೋಗಿ ಖಾತೆಯಲ್ಲಿದ್ದ ಡೆಕ್‌ನ ಮೇಲೆ ಕೂರುತ್ತದೆ.

ಸೆಟ್ಟಿಂಗ್‌ನಲ್ಲಿ ಕಾಣುವ ಎಫ್‌ಎಸ್‌ಆರ್‌ಎಸ್ ಎಂಬುದು ಕಾರ್ಡ್ ಮತ್ತೆ ಯಾವಾಗ ಬರಬೇಕೆಂದು ಗೊತ್ತುಮಾಡುವ ಹೊಸ ಲೆಕ್ಕಾಚಾರ. 2023ರ ಆವೃತ್ತಿಯಿಂದ ಬಂದಿದೆ, ಆನ್ ಮಾಡಿಕೊಳ್ಳಬಹುದು. ನೆನಪಿನ ಗುರಿ 0.90, ಅಂದರೆ ನೂರಕ್ಕೆ ತೊಂಬತ್ತು ಕಾರ್ಡ್ ನೆನಪಿರಬೇಕು ಎಂದಿರುತ್ತದೆ, ಹಾಗೇ ಬಿಡಿ. ಅದನ್ನು 0.97ಕ್ಕೆ ಏರಿಸಿದರೆ ದಿನದ ಕಾರ್ಡ್‌ಗಳು ವಿಪರೀತ ಹೆಚ್ಚುತ್ತವೆ.

ಆಂಕಿಯಿಂದ ಆಗದ ಕೆಲಸವೂ ಇದೆ. ಗಣಿತದ, ಭೌತಶಾಸ್ತ್ರದ ಲೆಕ್ಕಗಳನ್ನು ಕಾರ್ಡ್ ಮಾಡಬೇಡಿ. ನಾಲ್ಕನೇ ಸಲಕ್ಕೆ ಉತ್ತರವೇ ಬಾಯಿಪಾಠವಾಗಿ ಲೆಕ್ಕ ಬಿಡಿಸುವ ದಾರಿ ಮರೆತಿರುತ್ತದೆ. ಅದಕ್ಕೆ ಹಾಳೆ, ಪೆನ್ನೇ ಆಗಬೇಕು. ಸಿಇಟಿಯಲ್ಲಿ ಒಂದು ವಿಷಯದ 60 ಪ್ರಶ್ನೆಗೆ 80 ನಿಮಿಷ, ಅಂದರೆ ಪ್ರಶ್ನೆಗೆ 80 ಸೆಕೆಂಡ್. ಅಲ್ಲಿ ಸೂತ್ರ ಹುಡುಕುತ್ತ ಕೂರಲಾಗದು ಎಂಬುದು ನಿಜ, ಸೂತ್ರ ಮತ್ತು ಏಕಮಾನದ ಮಟ್ಟಿಗೆ ಕಾರ್ಡ್ ನೆರವಾಗುತ್ತದೆ. ಅರ್ಥವಾಗದ ಪಾಠವನ್ನು ಕಾರ್ಡ್ ಮಾಡುವುದೂ ವ್ಯರ್ಥ. ಮೊದಲು ಕನ್ನಡ ಪುಸ್ತಕದಲ್ಲಿ ಓದಿ ಅರ್ಥ ಮಾಡಿಕೊಳ್ಳಿ, ಆಮೇಲೆ ಪದ.

ಪಿಯು ತರಗತಿ ಶುರುವಾದ ದಿನದಿಂದ ಹೊಸ ಕಾರ್ಡ್ ಸಂಖ್ಯೆಯನ್ನು 5ಕ್ಕೆ ಇಳಿಸಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆ ದಿನ ಕೇಳಿ ತಿಳಿಯದೇ ಹೋದ ಪದಗಳನ್ನು ಬರೆದುಕೊಂಡು, ಸಂಜೆ ಅವನ್ನಷ್ಟೇ ಸೇರಿಸಿ. ರಜೆಯಲ್ಲಿ ಮಾಡಿದ 600 ಕಾರ್ಡ್‌ಗಳು ಕೆಲವು ವಾರಗಳಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತಕ್ಕೆ ಇಳಿಯುತ್ತವೆ. ಕಾಲೇಜಿನ ಬಸ್ಸಿಗೆ ಕಾಯುವಷ್ಟು ಹೊತ್ತಿನಲ್ಲಿ ಅವು ಮುಗಿಯುತ್ತವೆ.